ಅಳದೆ ಹರಿದ ಬೆಲ್ಟು

ಅರಸೀಕೆರೆ
೧೨ ಜನವರಿ ೨೦೦೩

ಅಣ್ಣನಿಗೆ ಸುಮಿತ್ರಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಈ ಚಳಿಗೆ ನಮ್ಮ ಸ್ಕೂಲಿನ ಮಕ್ಕಳೆಲ್ಲ ಕೆಮ್ಮಿಕೊಂಡೇ ಮಗ್ಗಿ ಹೇಳುತ್ತಿವೆ. ಹೇಳಿಕೊಡುವ ನಾನೂ ಕೆಮ್ಮುತ್ತೇನೆ, ಅಷ್ಟೇ. ಕಳೆದ ವಾರ ನಿನ್ನ ಮಿಲ್ಲಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು ‘ಹಲೋ, ಯಾರು, ಹಲೋ’ ಎಂದು ಕೂಗಿ ಇಟ್ಟುಬಿಟ್ಟೆ. ತಂಗಿಯ ದನಿ ಗುರುತು ಸಿಗದಷ್ಟು ದೊಡ್ಡ ಮನುಷ್ಯನಾಗಿದ್ದೀಯ ಎಂದುಕೊಂಡು ಕಾಗದ ಬರೆಯಲು ಕೂತೆ.

ವಿಷಯ ಕಾರಿನದು. ಹಾಸನದ ಮೆಕ್ಯಾನಿಕ್ ತಮ್ಮಯ್ಯ ಮೊನ್ನೆ ಯಾರದೋ ಗೃಹಪ್ರವೇಶಕ್ಕೆ ಇಲ್ಲಿಗೆ ಬಂದವನು ಮನೆಗೂ ಬಂದಿದ್ದ. ನಮ್ಮ ಯಜಮಾನರು ಇದ್ದಾಗಿನಿಂದ ಆ ಕಾರನ್ನು ನೋಡಿಕೊಂಡವನು ಅವನೇ. ಇಂಜಿನ್ನಿನ ಒಳಗೆ ಟೈಮಿಂಗ್ ಬೆಲ್ಟ್ ಅಂತ ಒಂದಿದೆಯಂತೆ. ಇಷ್ಟು ಸಾವಿರ ಕಿಲೋಮೀಟರ್ ಆದ ಮೇಲೆ ಅದನ್ನು ಬದಲಾಯಿಸಲೇಬೇಕಂತೆ, ನಮ್ಮ ಕಾರು ಆ ಗಡಿ ದಾಟಿ ಎಷ್ಟೋ ದಿನವಾಗಿದೆಯಂತೆ. "ಅಮ್ಮಾ, ಅದು ಹರಿದ್ರೆ ಕಾರು ಇದ್ದಲ್ಲೇ ನಿಂತೋಗ್ತದೆ. ಒಳಗೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹಾಳಾಗ್ತದೆ" ಎಂದ. ಸಾಮಾನೆಲ್ಲ ಬೆಂಗಳೂರಿನಿಂದ ತರಿಸಬೇಕು, ಇಂಜಿನ್ನಿನ ಮುಂಭಾಗ ಪೂರ್ತಿ ಬಿಚ್ಚಬೇಕು, ಎಲ್ಲ ಸೇರಿ ಇಪ್ಪತ್ತಾರು ಸಾವಿರ ಆಗುತ್ತದೆ ಎಂದ. ಒಂದು ರಬ್ಬರ್ ಪಟ್ಟಿಗೆ ಅಷ್ಟು ದುಡ್ಡಾ?

ಆದರೂ ಹಾಕಿಸಬೇಕು. ಆ ಕಾರನ್ನು ಅಲ್ಲಿ ಬಿಟ್ಟಿರುವುದೇ ಅತ್ತಿಗೆಗಾಗಿ. ಹಾಸನದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದರೆ ಅವಳಿಗೆ ಅರ್ಧ ದಾರಿಯಲ್ಲೇ ಉಸಿರು ಕಟ್ಟುತ್ತಿತ್ತು. ಆ ಕಾರಿನಲ್ಲಿ ಮಲಗಿಸಿಕೊಂಡು ಹೋದರೆ ಹಳ್ಳ ದಿಣ್ಣೆ ಗೊತ್ತಾಗುವುದಿಲ್ಲ ಎಂದು ನೀನೇ ಹೇಳಿದ್ದೀಯ. ಅಷ್ಟು ಹೃದಯ ಸೋತವಳನ್ನು ಕೂರಿಸಿಕೊಂಡು ನಡುರಸ್ತೆಯಲ್ಲಿ ನಿಂತರೆ ಗತಿಯೇನು?

ಯಜಮಾನರು ರಿಟೈರಾದ ದುಡ್ಡಿನಲ್ಲಿ ಎಸ್ಟೇಟಿನವರಿಂದ ಆ ಹಳೇ ಫಾರಿನ್ ಕಾರನ್ನು ಕೊಂಡಾಗ ನಾನು ಜಗಳ ಆಡಿದ್ದೆ. "ಜೀವಮಾನವೆಲ್ಲ ಗಾರ್ಡ್ ಆಗಿ ರೈಲಿನ ಕೊನೇ ಡಬ್ಬಿಯಲ್ಲಿ ಕೂತೆ ಕಣೇ, ಇನ್ನು ಮುಂದಿನ ಸೀಟಲ್ಲಿ ಕೂರ್ತೀನಿ" ಎಂದಿದ್ದರು. ಕೂತದ್ದು ಒಂದು ವರ್ಷವೂ ಇಲ್ಲ. ಅವರ ಕಾರು ಯಾರದಾದರೂ ಜೀವಕ್ಕೆ ಆಸರೆಯಾಗಿದೆ ಎನ್ನುವುದೇ ನನಗೆ ಸಮಾಧಾನ.

ನೀನು ಹೂಂ ಅಂದರೆ ದುಡ್ಡು ಕಳಿಸುತ್ತೇನೆ. ಎಳ್ಳುಬೆಲ್ಲದ ಪೊಟ್ಟಣ ಬೇರೆ ಕಳಿಸಿದ್ದೇನೆ.

ಸುಮಿತ್ರ


ಮಾದಿಹಳ್ಳಿ
೨೪ ಜನವರಿ ೨೦೦೩

ಚಿ. ಸುಮಿತ್ರಳಿಗೆ ಜವರಣ್ಣನ ಆಶೀರ್ವಾದ.

ಎಳ್ಳುಬೆಲ್ಲ ಬಂತು. ದಿವ್ಯಾ ಸಕ್ಕರೆ ಅಚ್ಚನ್ನೆಲ್ಲ ಆರಿಸಿ ತಿಂದು ನಮಗೆ ಬರೀ ಎಳ್ಳು ಬಿಟ್ಟಳು. ಇಪ್ಪತ್ತೆರಡು ತುಂಬಿದ ಮಗಳು! ಫೋನಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಲೈನು ಸರಿಯಿಲ್ಲ, ಮಿಲ್ಲಿನ ಸದ್ದು ಬೇರೆ. ಇನ್ನು ಮೇಲೆ ಕಾಗದವನ್ನೇ ಬರೆ. ಮೇಷ್ಟ್ರಮ್ಮನ ಅಕ್ಷರ ದುಂಡಗಿರುತ್ತದೆ, ಓದಲು ಚೆನ್ನ.

ಬೆಲ್ಟಿನ ಕಥೆ ಓದಿ ನನಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದೇನು? ಈ ಸುತ್ತಿನ ಊರಿನವರೆಲ್ಲ ನಾನು ರಾಗಿ ಬೀಸುತ್ತೇನೆ ಎಂದುಕೊಂಡಿದ್ದಾರೆ. ರಾಗಿ ಬೀಸುವುದು ಕಲ್ಲು. ನಾನು ಬೆಲ್ಟು ಸಾಕುತ್ತೇನೆ. ಹರಿಯುವ ಬೆಲ್ಟು ಮೊದಲು ಅಂಚಿನಲ್ಲಿ ದಾರ ಬಿಡುತ್ತದೆ, ಆಮೇಲೆ ಜಾರುತ್ತದೆ, ಆಮೇಲೆ ಕೀರಲು ದನಿಯಲ್ಲಿ ಅಳುತ್ತದೆ. ರಾಳದ ಪುಡಿ ಉದುರಿಸಿದರೆ ಮತ್ತೊಂದಷ್ಟು ದಿನ ದುಡಿಯುತ್ತದೆ. ಕೊನೆಗೆ ಕತ್ತರಿಸಿ ಕ್ಲಿಪ್ಪು ಹಾಕಿದರೆ ಇನ್ನೊಂದು ಸುಗ್ಗಿ ಕಳೆಯುತ್ತದೆ. ಹೇಳದೆ ಕೇಳದೆ ಹರಿದ ಬೆಲ್ಟನ್ನು ನಾನು ಈವರೆಗೆ ಕಂಡಿಲ್ಲ.

ನಿನ್ನ ಕಾಗದ ಬಂದ ದಿನವೇ ಬಾನೆಟ್ ಎತ್ತಿ, ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಆ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಒಂದು ಹಲ್ಲೂ ಸವೆದಿಲ್ಲ, ಒಂದು ಬಿರುಕೂ ಇಲ್ಲ. ಹೊಸ ಚಪ್ಪಲಿಯ ಹಾಗಿದೆ. ನಿನ್ನ ಅತ್ತಿಗೆ ಪಕ್ಕದಲ್ಲಿ ನಿಂತು, "ಸುಮಿತ್ರ ಹೇಳ್ತಾಳೆ ಅಂದ್ರೆ ಹಾಕ್ಸಿಬಿಡಿ ಅಂದ್ರೆ" ಎಂದಳು. ಅವಳಿಗೆ ಬೆಲ್ಟಿನ ವಿಷಯ ಏನು ಗೊತ್ತು?

ಗಂಡಸಿಲ್ಲದ ಮನೆ ಎಂದು ತಮ್ಮಯ್ಯ ನಿನಗೆ ಟೋಪಿ ಹಾಕಲು ಬಂದಿದ್ದಾನೆ. ನಾನು ಬದುಕಿರುವ ತನಕ ಅದು ನಡೆಯುವುದಿಲ್ಲ. ಬಾವನ ದುಡ್ಡು ಹಾಗೆಲ್ಲ ಹಾಳಾಗಬಾರದು. ನೀನು ನಿಶ್ಚಿಂತೆಯಿಂದಿರು.

ಜವರಣ್ಣ


ಅರಸೀಕೆರೆ
೩ ಫೆಬ್ರವರಿ ೨೦೦೩

ಅಣ್ಣ,

ನೀನು ನಕ್ಕೆ ಎಂದು ಓದಿ ನನಗೆ ಸಿಟ್ಟು ಬಂತು. ರಜೆ ಹಾಕಿ ಹಾಸನಕ್ಕೇ ಹೋಗಿ ತಮ್ಮಯ್ಯನನ್ನು ಕಂಡೆ. ನೀನು ಬರೆದದ್ದನ್ನು ಅವನಿಗೆ ಹಾಗೇ ಓದಿ ಹೇಳಿದೆ. ಅವನು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ಅಣ್ಣಾರು ಹೇಳೋದು ಮಿಲ್ಲಿನ ಬೆಲ್ಟಿಗೆ ಸರಿ ಕಣಮ್ಮ. ಇದು ಆ ಜಾತಿ ಅಲ್ಲ. ಹೊರಗೆ ಚೆನ್ನಾಗೇ ಕಾಣ್ತದೆ, ಒಳಗಿನ ದಾರ ಸತ್ತಿರ್ತದೆ. ಅಳಲ್ಲ, ಜಾರಲ್ಲ, ಸುಮ್ನೆ ಹರೀತದೆ" ಎಂದ. ಇದನ್ನು ನಿನಗೆ ತಿಳಿಯಲಿ ಎಂದೇ ಬಿಡಿಸಿ ಬರೆಯುತ್ತಿದ್ದೇನೆ. ಬೇಕಾದರೆ ಎರಡು ಸಲ ಓದು.

ಅವನು ನನಗೆ ಮೋಸ ಮಾಡುತ್ತಿದ್ದರೆ ಮಾಡಲಿ. ಇಪ್ಪತ್ತಾರು ಸಾವಿರ ಹೋದರೆ ದುಡಿದುಕೊಳ್ಳಬಹುದು. ಡಿ.ಡಿ. ಇದರ ಜೊತೆಗಿದೆ. ನನ್ನನ್ನು ಕಾಪಾಡಬೇಕು ಎಂಬ ನಿನ್ನ ಆಸೆ ನನಗೆ ಗೊತ್ತು ಅಣ್ಣ. ಚಿಕ್ಕಂದಿನಿಂದಲೂ ಗೊತ್ತು. ಈ ಒಂದು ಸಲ ಕಾಪಾಡಬೇಡ, ಹೇಳಿದಷ್ಟು ಮಾಡು.

ಸುಮಿತ್ರ


ಮಾದಿಹಳ್ಳಿ
೧೭ ಮಾರ್ಚ್ ೨೦೦೩

ಚಿ. ಸುಮಿತ್ರಳಿಗೆ ಆಶೀರ್ವಾದ.

ಉತ್ತರ ತಡವಾಯಿತು. ರಾಗಿ ಒಕ್ಕಣೆ ಮುಗಿದು ಮಿಲ್ಲಿನ ಮುಂದೆ ಚೀಲದ ಸಾಲು ನಿಂತಿತ್ತು. ಬೆಲ್ಟಿನ ಕೆಲಸ ಆಯಿತು. ಇನ್ನು ಅದರ ಯೋಚನೆ ಬಿಡು.

ನಿನ್ನ ಅತ್ತಿಗೆ ಈಗ ಎಷ್ಟೋ ವಾಸಿ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಮೊನ್ನೆ ಆಸ್ಪತ್ರೆಯಿಂದ ಬರುವಾಗ ಹಳೇಬೀಡಿನ ಕೆರೆ ಏರಿಯ ಹತ್ತಿರ ನಿಲ್ಲಿಸು ಎಂದಳು. ಕಾರಿನ ಬಾಗಿಲು ತೆಗೆದುಕೊಂಡು ಗಾಳಿಗೆ ಕೂತಿದ್ದೆವು. ದೇವಸ್ಥಾನ ನೋಡಲು ಬಂದಿದ್ದ ಬಿಳಿ ಜನ ಶಿಲ್ಪ ಬಿಟ್ಟು ನಮ್ಮ ಕಾರಿನ ಫೋಟೋ ತೆಗೆದುಕೊಂಡರು. ಅವಳು ಸೆರಗು ಸರಿಮಾಡಿಕೊಂಡು ಮಹಾರಾಣಿಯಂತೆ ಕೂತುಬಿಟ್ಟಳು.

ಜವರಣ್ಣ


ಅರಸೀಕೆರೆ
೨೬ ಮಾರ್ಚ್ ೨೦೦೩

ಅಣ್ಣ,

ಕಾಗದ ನೋಡಿ ಎದೆಯ ಮೇಲಿನ ಭಾರ ಇಳಿಯಿತು. ಹಟಮಾರಿ ಅಣ್ಣ ತಂಗಿಯ ಮಾತಿಗೆ ಬೆಲೆ ಕೊಟ್ಟನಲ್ಲ ಎಂದು ಯಜಮಾನರ ಫೋಟೋದ ಮುಂದೆ ದೀಪ ಹಚ್ಚಿ ಹೇಳಿದೆ. ತಮ್ಮಯ್ಯನ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಸೋತೆ ಎಂದು ನಾಚಿಕೆ ಇರಬೇಕು, ಇರಲಿ ಬಿಡು.

ಆಷಾಢದಲ್ಲಿ ಮಾಲೇಕಲ್ಲಿನ ಜಾತ್ರೆಗೆ ಎಲ್ಲರೂ ಬನ್ನಿ. ಅತ್ತಿಗೆ ಮೆಟ್ಟಿಲು ಹತ್ತುವುದು ಬೇಡ, ಬೆಟ್ಟದ ಬುಡದಲ್ಲೇ ಕೈಮುಗಿದು ನಮ್ಮ ಮನೆಗೆ ಬರಲಿ. ಕಾರಿದೆಯಲ್ಲ, ಇನ್ನೇನು ಭಯ?

ಸುಮಿತ್ರ


ಅರಸೀಕೆರೆ
೬ ಅಕ್ಟೋಬರ್ ೨೦೦೩

ಶ್ರೀಮಾನ್ ಜವರಣ್ಣನವರಿಗೆ,

ಅತ್ತಿಗೆಯ ಹನ್ನೊಂದನೇ ದಿನದ ತಿಥಿ ಮುಗಿಸಿಕೊಂಡು ಬಂದು ಒಂದು ವಾರವಾಯಿತು. ಈ ಕಾಗದ ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಿದ್ದೆ ಬರುತ್ತಿಲ್ಲ.

ಕಾರು ಹಗರೆ ದಾಟಿದ ಮೇಲೆ ನಿಂತಿತು ಎಂದು ದಿವ್ಯಾ ಹೇಳಿದಳು. ಅತ್ತಿಗೆಗೆ ಎದೆನೋವು ಬಂದು ಹಾಸನಕ್ಕೆ ಕರೆದೊಯ್ಯುವಾಗಲೇ ನಿಂತಿತು. ಎಷ್ಟೋ ಹೊತ್ತು ಯಾವ ಗಾಡಿಯೂ ಸಿಗದೆ, ಕೊನೆಗೆ ಆಲೂಗಡ್ಡೆ ಟೆಂಪೋದಲ್ಲಿ ಕುಲುಕಾಡಿಕೊಂಡು ಹೋಗಿ, ಆಸ್ಪತ್ರೆಯ ಬಾಗಿಲಿಗೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಹೊಸ ಬೆಲ್ಟು ಹಾಕಿಸಿದ ಮೇಲೂ ಆಯಿತು. ಮನುಷ್ಯರು ಮಾಡುವುದನ್ನೆಲ್ಲ ಮಾಡಿದ ಮೇಲೂ ಆಯಿತು ಅಂದರೆ ಏನು ತಿಳಿಯಬೇಕು?

ಏನು ತಿಳಿಯಬೇಕು ಎಂದು ಅತ್ತಿಗೆಯ ಅಕ್ಕ ಹುಚ್ಚಮ್ಮನವರು ತಿಥಿಯ ದಿನ ಹೇಳಿದರು. ಎಡೆ ಇಟ್ಟು ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಹೇಳಿದರು. "ಆ ಕಾರು ಮೊದ್ಲು ಇವಳ ಗಂಡನ್ನ ನುಂಗ್ತು, ಈಗ ನನ್ ತಂಗೀನ ನುಂಗ್ತು. ಅಂಥಾ ಮೂದೇವೀನ ಈ ಮನೆಗೆ ತಂದು ಬಿಟ್ಟೋಳು ಇವಳೇಯ. ಇವಳ್ಯಾಕೆ ಬಂದವ್ಳೆ ಇಲ್ಲಿ?" ನಾನು ಅವರ ಮುಖ ನೋಡಲಿಲ್ಲ. ನಿಮ್ಮ ಮುಖ ನೋಡಿದೆ. ನೀವು ಎದುರಿಗೇ ಇದ್ದಿರಿ. ನನ್ನನ್ನೇ ನೋಡಿದಿರಿ. ನೋಡಿ, ಹೌದು ಎಂದು ತಲೆಯಾಡಿಸಿದಿರಿ.

ಹುಚ್ಚಮ್ಮ ಅಂದದ್ದನ್ನು ನಾನು ಮರೆಯಬಲ್ಲೆ. ತಂಗಿಯನ್ನು ಕಳೆದುಕೊಂಡ ಸಂಕಟ ಅದು. ನಿಮ್ಮ ತಲೆಯಾಡಿಸುವಿಕೆಯನ್ನು ಮರೆಯಲಾಗುತ್ತಿಲ್ಲ. ಆಮೇಲೆ ಯಾರೂ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ, ಅದನ್ನಾದರೂ ಕಂಡಿರಾ?

ದಿವ್ಯಾಳ ಮದುವೆಯನ್ನು ವರ್ಷ ತುಂಬುವುದರೊಳಗೆ ಮಾಡುತ್ತೀರೆಂದು ಕೇಳಿದೆ. ನಾನು ಬರುವುದಿಲ್ಲ. ತಾಯಿಯಿಲ್ಲದ ಹುಡುಗಿಯ ಮದುವೆಗೆ ಸೋದರತ್ತೆ ನಿಂತು ಮಾಡಬೇಕಿತ್ತು. ಆದರೆ ನನ್ನ ಕಾಲ್ಗುಣ ಕೆಟ್ಟದ್ದು ಎಂದು ನೀವೇ ಒಪ್ಪಿದ ಮೇಲೆ, ಆ ಮಗುವಿಗೆ ನನ್ನಿಂದ ಕೇಡಾಗುವುದು ಬೇಡ. ಮೊದಮೊದಲು ಇದೆಲ್ಲ ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಸ್ಕೂಲಿನಲ್ಲಿ ಮಕ್ಕಳ ತಲೆ ಮುಟ್ಟುವುದಕ್ಕೂ ಕೈ ಹಿಂಜರಿಯುತ್ತದೆ.

ಇಂತಿ,
ಸುಮಿತ್ರಮ್ಮ


ಅರಸೀಕೆರೆ
೧೦ ನವೆಂಬರ್ ೨೦೦೩

ಜವರಣ್ಣನವರಿಗೆ,

ಉತ್ತರ ಬರಲಿಲ್ಲ. ಬರುವುದಿಲ್ಲ ಎಂದು ತಿಳಿದುಕೊಂಡೆ. ಬರುವ ಶನಿವಾರ ಗುಜರಿಯವನು ಮಾದಿಹಳ್ಳಿಗೆ ಬರುತ್ತಾನೆ. ನಿಮ್ಮ ಮಿಲ್ಲಿನ ಶೆಡ್ಡಿನಲ್ಲಿರುವ ಕಾರನ್ನು ಅವನಿಗೆ ಕೊಟ್ಟುಬಿಡಿ. ಅದನ್ನು ಒಡೆದು ಹಾಕಲಿ. ದುಡ್ಡು ನನಗೆ ಬೇಡ.

ಸುಮಿತ್ರಮ್ಮ


ಮಾದಿಹಳ್ಳಿ
೩ ಡಿಸೆಂಬರ್ ೨೦೦೩

ಸುಮಿತ್ರ,

ಗುಜರಿಯವನನ್ನು ವಾಪಸು ಕಳಿಸಿದೆ. ಕಾರು ಅವನ ಜೊತೆ ಹೋಗಿದ್ದರೆ ನನ್ನ ತಪ್ಪೂ ಮುಚ್ಚಿಹೋಗಿ ನಾನು ಉಳಿದುಕೊಳ್ಳುತ್ತಿದ್ದೆ. ಹಾಗೆ ಉಳಿಯುವುದು ಬೇಡ ಎನ್ನಿಸಿತು.

ಬೆಲ್ಟು ಹಾಕಿಸಿರಲಿಲ್ಲ. ನೀನು ಕಳಿಸಿದ ದುಡ್ಡನ್ನು ಹಳೇಬೀಡಿನ ಪೋಸ್ಟಾಫೀಸಿನಲ್ಲಿ ನಿನ್ನ ಹೆಸರಿಗೇ ಇಟ್ಟೆ. ಮುಂದೆ ಯಾವತ್ತಾದರೂ ನಿನ್ನ ಕೈಗೆ ಕೊಟ್ಟು, ನೋಡು, ತಮ್ಮಯ್ಯನ ಬಾಯಿಂದ ನಿನ್ನ ದುಡ್ಡು ಉಳಿಸಿದೆ ಎಂದು ಹೇಳಬೇಕೆಂದಿದ್ದೆ. ಆ ದಿನವನ್ನು ನೆನೆಸಿಕೊಂಡು ಖುಷಿಪಡುತ್ತಿದ್ದೆ. ಕೆಲಸ ಆಯಿತು ಎಂದು ನಿಶ್ಚಿಂತೆಯಿಂದ ಬರೆದೆ. ನನ್ನ ಹೆಬ್ಬೆರಳಿನ ಮೇಲೆ ನನಗೆ ಅಷ್ಟು ನಂಬಿಕೆ.

ಇನ್ನೊಂದು ವಿಷಯ. ನನಗೆ ಕಿವಿ ಕೇಳಿಸುವುದಿಲ್ಲ. ಎರಡು ಮೂರು ವರ್ಷದಿಂದ ಕಡಿಮೆಯಾಗುತ್ತಾ ಬಂದು ಈಗ ಹತ್ತಿರ ಬಂದು ಕೂಗಿದರೆ ಅಷ್ಟೋ ಇಷ್ಟೋ. ಮಿಲ್ಲಿನ ಸದ್ದು ತಿಂದುಹಾಕಿತು. ಕಿವುಡನ ಮಿಲ್ಲು ಎಂದು ಜನ ಆಡಿಕೊಳ್ಳುತ್ತಾರೆಂದು ಯಾರಿಗೂ ಹೇಳಲಿಲ್ಲ. ನಿನ್ನ ಅತ್ತಿಗೆಗೆ ಮಾತ್ರ ಗೊತ್ತಿತ್ತು. ಗಿರಾಕಿ ಬಂದರೆ ನನ್ನ ಪಕ್ಕ ನಿಂತು ಅವರು ಅಂದದ್ದನ್ನು ತುಟಿಯಲ್ಲಿ ಬಿಡಿಸಿ ಹೇಳುತ್ತಿದ್ದಳು. ಅವಳಿಲ್ಲದ ಕಡೆ ನಾನು ಎಲ್ಲರ ಮಾತಿಗೂ ತಲೆಯಾಡಿಸುತ್ತೇನೆ. ತಿಥಿಯ ದಿನ ಹುಚ್ಚಮ್ಮ ಏನೋ ಹೇಳುತ್ತಿದ್ದಳು, ನೀನು ನನ್ನನ್ನು ನೋಡಿದೆ. ಅತ್ತಿಗೆಯನ್ನು ನೆನೆಸಿಕೊಂಡು ನೋಡುತ್ತಿದ್ದೀಯ ಎಂದುಕೊಂಡೆ. ಅದಕ್ಕೆ ಹೌದಮ್ಮ ಎಂದು ತಲೆಯಾಡಿಸಿದೆ. ಅಲ್ಲಿ ನಡೆದದ್ದು ಏನೆಂದು ನನಗೆ ತಿಳಿದದ್ದು ನಿನ್ನ ಕಾಗದದಿಂದ. ಓದಿ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ.

ಆವತ್ತು ರಸ್ತೆಯಲ್ಲಿ ಇಂಜಿನ್ ನಿಂತದ್ದೂ ನನಗೆ ಕೇಳಿಸಲಿಲ್ಲ. ಸ್ಟೀರಿಂಗ್ ಕಲ್ಲಿನ ಹಾಗಾದಾಗ ಗೊತ್ತಾಯಿತು. ಬಾನೆಟ್ ಎತ್ತಿದೆ. ಬೆಲ್ಟು ಎರಡು ತುಂಡಾಗಿ ಬಿದ್ದಿತ್ತು. ತಮ್ಮಯ್ಯ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಟೆಂಪೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಏನೋ ಹೇಳಿದಳು, ಸುಮಿತ್ರ. ತುಟಿ ಆಡಿದ್ದು ಕಂಡಿತು. ಕಣ್ಣಲ್ಲಿ ನೀರು ತುಂಬಿದ್ದರಿಂದ ತುಟಿಯನ್ನು ಓದಲಾಗಲಿಲ್ಲ. ಆಯ್ತು ಕಣೇ, ಆಯ್ತು ಎಂದು ತಲೆಯಾಡಿಸಿದೆ. ಯಾವುದಕ್ಕೆ ಆಯ್ತು ಎಂದೆನೋ ನನಗೆ ಗೊತ್ತಿಲ್ಲ. ಈಗ ದಿನವೂ ಅದೊಂದೇ ಯೋಚನೆ.

ಮೊನ್ನೆ ಭಾನುವಾರ ದಿವ್ಯಾಳ ನಿಶ್ಚಿತಾರ್ಥ. ಗಂಡಿನವರು ಬೇಲೂರಿನಿಂದ ಬಂದಿದ್ದರು. ಹುಚ್ಚಮ್ಮನೂ ಬಂದಿದ್ದಳು. ತಟ್ಟೆ ಬದಲಾಯಿಸುವ ಮುಂಚೆ ನಾನು ಎದ್ದು ನಿಂತು, ಒಂದು ಮಾತೈತೆ ಎಂದು, ಎಲ್ಲರನ್ನೂ ಶೆಡ್ಡಿಗೆ ಕರೆದುಕೊಂಡು ಹೋದೆ. ಬಾನೆಟ್ ಎತ್ತಿ ಹರಿದ ಬೆಲ್ಟು ತೋರಿಸಿದೆ. "ನನ್ ತಂಗಿ ಹಾಕ್ಸು ಅಂತ ಬರೆದ್ಲು, ದುಡ್ಡೂ ಕಳಿಸಿದ್ಲು. ನಾನು ಹಾಕ್ಸಲಿಲ್ಲ. ಹಾಕ್ಸಿದೆ ಅಂತ ಸುಳ್ಳು ಬರೆದೆ. ಕಾರಿಂದೂ ತಪ್ಪಿಲ್ಲ, ಅವಳದೂ ತಪ್ಪಿಲ್ಲ. ನನ್ ಹೆಂಡ್ತಿ ಪುಟ್ಟಲಕ್ಷ್ಮಮ್ಮನ ಸಾವು ನನ್ ತಲೆ ಮೇಲೈತೆ" ಎಂದೆ. ಹುಚ್ಚಮ್ಮ ನನ್ನ ಎದೆಗೆ ಗುದ್ದಿದಳು. ಏನೇನೋ ಅಂದಳು. ಈ ಸಲ ನಾನು ತಲೆಯಾಡಿಸಲಿಲ್ಲ, ಕೇಳಿಸಾಕಿಲ್ಲ ಕಣವ್ವ ಎಂದು ಬಾಯಿಬಿಟ್ಟು ಹೇಳಿದೆ. ಅದೂ ಎಲ್ಲರಿಗೂ ಗೊತ್ತಾಯಿತು.

ಗಂಡಿನವರು ಹಿಂದೆ ಸರಿಯಲಿಲ್ಲ. ಫೆಬ್ರವರಿ ಎಂಟಕ್ಕೆ ಮದುವೆ. ದಿವ್ಯಾ ನನ್ನ ಮುಖ ನೋಡುತ್ತಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಾಳೆ. ಅವಳಿಗೆ ನೀನು ಬೇಕು. ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯ ಮೇಲೆ ಇಡಬೇಡ.

ನಿನ್ನ ಹಿಂದಿನ ಎರಡು ಕಾಗದದಲ್ಲಿ ನನ್ನನ್ನು ನೀವು ಎಂದು ಬರೆದಿದ್ದೀಯ. ಅದು ನ್ಯಾಯವೇ.

ಜವರಣ್ಣ


ಅರಸೀಕೆರೆ
೨೮ ಜನವರಿ ೨೦೦೪

ಅಣ್ಣ,

ನಿನ್ನ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ಅಷ್ಟು ದಿನವೂ ಅದು ಬೀರುವಿನಲ್ಲಿತ್ತು.

ಮೊದಲ ಸಲ ಓದಿದಾಗ ನನಗೆ ಆದದ್ದು ಸಂತೋಷ. ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ನನ್ನಿಂದಲ್ಲ, ಯಜಮಾನರ ಕಾರಿನಿಂದಲೂ ಅಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿಕೊಂಡೆ. ಆಮೇಲೆ ಅತ್ತಿಗೆ ನೆನಪಾಗಿ, ಪಟ್ಟ ಸಂತೋಷಕ್ಕೆ ನಾಚಿಕೆಯಾಯಿತು. ಈಗ ಅವರೆಕಾಯಿ ಕಾಲ. ಮಡಿಲ ತುಂಬ ಸೊಗಡವರೆ ಹಾಕಿಕೊಂಡು ಜಗಲಿಯಲ್ಲಿ ಕೂತು, ಹಿಸುಕುತ್ತಾ ನಿನ್ನನ್ನು ಬೈಯುತ್ತಿದ್ದಳು. ಈ ವರ್ಷವೂ ಕೂರಬಹುದಿತ್ತು.

ಕ್ಷಮಿಸಿದ್ದೇನೆ ಎಂದು ಬರೆಯಲು ನಾಲ್ಕಾರು ಸಲ ಕೂತೆ. ಬರೆಯಲಾಗಲಿಲ್ಲ. ನೀನು ಎಲ್ಲರ ಎದುರು ನಿಂತು ನನ್ನ ಹೆಸರು ಉಳಿಸಿದೆ, ಅದಕ್ಕೆ ಎಷ್ಟು ಧೈರ್ಯ ಬೇಕೆಂದು ನನಗೆ ಗೊತ್ತು. ಹುಚ್ಚಮ್ಮ ಮೊನ್ನೆ ಇಲ್ಲಿಗೇ ಬಂದು ನನ್ನ ಕೈ ಹಿಡಿದುಕೊಂಡು ಅತ್ತು ಹೋದರು. ಆದರೂ ಕ್ಷಮೆಯ ಮಾತು ಕೈಯಿಂದ ಇಳಿಯುತ್ತಿಲ್ಲ. ಸುಳ್ಳು ಬರೆಯುವುದಕ್ಕಿಂತ ಬರೆಯದೆ ಇರುವುದು ವಾಸಿ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಚಪ್ಪರದ ದಿನದ ಕೆಲಸ, ದಿವ್ಯಾಳ ಸೀರೆ, ಬಂದವರ ಊಟ ಎಲ್ಲ ನಾನು ನೋಡಿಕೊಳ್ಳುತ್ತೇನೆ. ಗಿರಾಕಿಗಳು ಬಂದರೆ ನಿನ್ನ ಪಕ್ಕದಲ್ಲೂ ನಿಲ್ಲುತ್ತೇನೆ.

ಹುಚ್ಚಮ್ಮನ ಮಾತು ಕೇಳಿಸದೆ ತಲೆಯಾಡಿಸಿದೆ, ಅದನ್ನು ನಾನು ಮನಸ್ಸಿನಿಂದ ತೆಗೆದುಹಾಕಿದ್ದೇನೆ. ಅತ್ತಿಗೆಯ ಕೊನೆಯ ಮಾತು ನಿನಗೆ ಕೇಳಿಸಲಿಲ್ಲ, ಅದಕ್ಕೆ ನಿನ್ನ ಜೊತೆ ಕೂತು ಅಳುತ್ತೇನೆ. ಆದರೆ ಬೆಲ್ಟಿನ ವಿಷಯವನ್ನು ನಾನು ನಿನ್ನ ಕಿವಿಗೆ ಹೇಳಿರಲಿಲ್ಲ, ಅಣ್ಣ. ಬರೆದು ಕಳಿಸಿದ್ದೆ.

ಸುಮಿತ್ರ